ಚಹಾ ಕುಡಿದ ಇಲಿಗಳು

೮ ಜನವರಿ ೨೦೦೭, ಸೋಮವಾರ

ಮೊದಲಿಗೇ ಹೇಳಿಬಿಡುತ್ತೇನೆ. ನನ್ನ ಅಕ್ಷರ ಏಡಿ ಮರಳಿನ ಮೇಲೆ ಓಡಿದ ಹಾಗಿದೆ. ಒತ್ತು ಎಲ್ಲಿ ಬರಬೇಕು, ದೀರ್ಘ ಎಲ್ಲಿ ಬರಬೇಕು ಎಂದು ಈಗಲೂ ಸರಿಯಾಗಿ ತಿಳಿಯದು. ಐದನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟವಳು ನಾನು. ಇದನ್ನು ಯಾರೂ ಓದುವುದಿಲ್ಲ. ಆದರೂ ಇಷ್ಟು ಚಂದದ ಹಾಳೆಯನ್ನು ಕೆಡಿಸುತ್ತಿದ್ದೇನಲ್ಲ ಎಂದು ಹಾಳೆಯ ಹತ್ತಿರವೇ ಕ್ಷಮೆ ಕೇಳುತ್ತೇನೆ. ಮನೆಯಲ್ಲಿ ಆಡುವ ಮಾತು ಪೆನ್ನಿಗೆ ಇಳಿಯುವುದಿಲ್ಲ, ಪಾಠದ ಪುಸ್ತಕದ ಮಾತೇ ಬರುತ್ತದೆ.

ಈ ಡೈರಿ ಕೊಟ್ಟವರು ನಾಗಶ್ರೀ ಅಕ್ಕೋರು. ಯಾವುದೋ ಔಷಧ ಕಂಪನಿಯವರು ಹಂಚಿದ್ದಂತೆ. ತಿಂಗಳಿಗೊಂದು ಮಾತ್ರೆಯ ಚಿತ್ರವಿದೆ. ಜನವರಿಯದು ಗುಲಾಬಿ ಬಣ್ಣದ್ದು. ಅಕ್ಕೋರು ಕಾರವಾರದ ಔಷಧ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಾರೆ. ಅದೇ ಕಾಲೇಜಿನ ಇಲಿಗಳ ಕೋಣೆಯಲ್ಲಿ ನನಗೆ ಕೆಲಸ. ಪಂಜರದ ಉಮಿ ಬದಲಿಸುವುದು, ನೀರಿನ ಬಾಟಲಿ ತುಂಬುವುದು, ನೆಲ ಒರೆಸುವುದು. ಅಲ್ಲಿ ನನ್ನ ಮೇಲಿನವರು ಮಧುಕರಣ್ಣ. ಕೊಂಕಣಿಯವರು, ಬಾಯಿ ತುಂಬ ತಮಾಷೆ.

"ನೀನು ಬಾಯಿ ಬಿಡೂದಿಲ್ಲ. ಆದ್ರೆ ನಿನ್ನ ಕಣ್ಣು ಇಡೀ ದಿನ ಏನಾದ್ರೂ ಕೇಳ್ತಾ ಇರ್ತದೆ. ಕೇಳೂಕೆ ನಾಚಿಕೆ ಆದ್ರೆ ಇದ್ರಲ್ಲಿ ಬರೆದಿಡು" ಎಂದು ಅಕ್ಕೋರು ಕೊಟ್ಟರು.

ಅದು ನಿಜ. ಇವತ್ತೂ ಬಸ್ಸು ನಿಲ್ಲಿಸಲು ಹೋಲ್ಡಾನ್ ಎನ್ನಲು ಬಾಯಿ ಬರಲಿಲ್ಲ. ಬೇರೆ ಯಾರೋ ಇಳಿಯುವ ನಿಲ್ದಾಣದವರೆಗೆ ಹೋಗಿ ಹಿಂದೆ ನಡೆದು ಬಂದೆ.

ನಾನು ಕೆಲಸಕ್ಕೆ ಬರುವ ಹಾಗಾದದ್ದು ಅಣ್ಣನಿಂದ. ಹೊನ್ನಣ್ಣ ಹೊಳೆಯಲ್ಲಿ ಮರಳು ತುಂಬುವ ಕೂಲಿಗೆ ಹೋಗುತ್ತಿದ್ದ. ಮಳೆಗಾಲ ಮುಗಿದ ಮೇಲೆ ಕೆಮ್ಮು ಹತ್ತಿತು, ರಕ್ತ ಬಿತ್ತು. ಅಂಕೋಲೆಯ ದವಾಖಾನೆಯಲ್ಲಿ ಟಿ.ಬಿ. ಎಂದರು. ನಮ್ಮ ಕೊಪ್ಪದ, ಎಂದರೆ ನಮ್ಮ ಕೇರಿಯ, ಅಂಗನವಾಡಿಯ ರಂಜನಾ ಅಕ್ಕೋರ ಹತ್ತಿರ ಅವನ ಹೆಸರಿನ ಮಾತ್ರೆ ಪೆಟ್ಟಿಗೆ ಇದೆ. ದಿನ ಬಿಟ್ಟು ದಿನ ಅವರೆದುರೇ ನುಂಗಬೇಕು. ಪೂರ್ತಿ ನುಂಗಿದರೆ ಬದುಕು, ನಡುವೆ ಬಿಟ್ಟರೆ ರೋಗ ಮೊದಲಿಗಿಂತ ಗಟ್ಟಿಯಾಗಿ ಬರುತ್ತದೆ ಎಂದು ಅವರು ನಮ್ಮ ಅವ್ವಿಯ ಕೈ ಹಿಡಿದು ಹೇಳಿದ್ದಾರೆ.

೧೧ ಜನವರಿ, ಗುರುವಾರ

ಇಲಿಗಳಿಗೆ ಚಹಾ ಕೊಡುತ್ತಾರೆ!

ನಾಗಶ್ರೀ ಅಕ್ಕೋರು ನೀಲಗಿರಿಯಿಂದ ತರಿಸಿದ ಹಸಿರು ಚಹಾ ಎಲೆ ಕುದಿಸಿ, ಸೋಸಿ, ಬಿಳಿ ಬಟ್ಟಲಿನಲ್ಲಿ ಹಾಕಿ ಬಿಸಿ ನೀರಿನ ಮೇಲೆ ಇಡುತ್ತಾರೆ. ನೀರೆಲ್ಲ ಹಾರಿ ತಳದಲ್ಲಿ ಜೋನಿ ಬೆಲ್ಲದಂಥದ್ದು ಉಳಿಯುತ್ತದೆ. ಅದನ್ನು ಕೆರೆದು ತೂಕ ಮಾಡಿ ಇಡುತ್ತಾರೆ. ಅಷ್ಟು ಎಲೆಗೆ ಇಷ್ಟೇ ಇಷ್ಟು. ಕೋಣೆಯೆಲ್ಲ ಒದ್ದೆ ಹುಲ್ಲಿನ ವಾಸನೆ.

ಯಾಕೆ ಎಂದು ನನಗೆ ತಡೆಯಲಾಗಲಿಲ್ಲ, ಆದರೆ ಕೇಳಲೂ ಆಗಲಿಲ್ಲ. ನನ್ನ ಮುಖ ನೋಡಿ ಮಧುಕರಣ್ಣನೇ ಕೇಳಿದರು, "ಅಕ್ಕೋರೆ, ಇಲಿಗೆ ಚಾ ಆಯ್ತು, ಜೊತೆಗೆ ಬನ್ ಯಾವಾಗ?"

ಅಕ್ಕೋರು ನಕ್ಕು ವಿವರಿಸಿದರು. ಕೋಳಿ ಕೊಯ್ದಾಗ ಸಿಗುವ ಕಲೇಜಿ ಇದೆಯಲ್ಲ, ಅದೇ ಲಿವರು. ನಾವು ತಿಂದ ಔಷಧವೆಲ್ಲ ಮೊದಲು ಅಲ್ಲಿಗೆ ಹೋಗಿ ಹದವಾಗುತ್ತದೆ. ಔಷಧ ಹೆಚ್ಚಾದರೆ, ಕೆಲವು ಔಷಧ ಕೆಲವರಿಗೆ ಒಗ್ಗದಿದ್ದರೆ, ಹದ ಮಾಡುವ ಲಿವರೇ ಸುಡುತ್ತದೆ. ಜ್ವರದ ಮಾತ್ರೆ ಕೂಡ ಅತಿಯಾದರೆ ಹಾಗೆಯೇ. ಚಹಾದ ಸತ್ವ ಅದನ್ನು ಕಾಯುತ್ತದೆಯೋ ಎಂದು ಇವರು ನೋಡುತ್ತಿದ್ದಾರೆ.

ರೋಗ ಕಳೆಯುವ ಔಷಧವೇ ಸುಡುತ್ತದೆ! ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ.

೧೫ ಜನವರಿ, ಸೋಮವಾರ

ಇಲಿಗಳನ್ನು ಗುಂಪು ಮಾಡಿದರು. ಒಂದೇ ಬಣ್ಣದ ಬಿಳಿ ಇಲಿಗಳು, ಯಾವುದು ಯಾವುದೆಂದು ತಿಳಿಯಬೇಕಲ್ಲ? ಹಳದಿ ಬಣ್ಣದಲ್ಲಿ ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲಕ್ಕೆ ಗುರುತು. ಹಳದಿ ನನ್ನ ಬೆರಳಿಗೂ ಹತ್ತಿದೆ, ಸಾಬೂನಿಗೆ ಹೋಗುತ್ತಿಲ್ಲ.

ಒಂದು ಗುಂಪಿಗೆ ಏನೂ ಇಲ್ಲ. ಒಂದಕ್ಕೆ ಕೆಲವು ದಿನದ ಮೇಲೆ ಬರಿಯ ಜ್ವರದ ಮಾತ್ರೆ, ಅದೂ ಅತಿಯಾಗಿ. ಒಂದಕ್ಕೆ ಇವತ್ತಿನಿಂದಲೇ ದಿನವೂ ಚಹಾ, ಆಮೇಲೆ ಮಾತ್ರೆ. ಬಾಗಿದ ಸೂಜಿಯಂಥ ಕೊಳವೆಯಲ್ಲಿ ನೇರ ಹೊಟ್ಟೆಗೆ ಬಿಡುತ್ತಾರೆ. ನಾನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡೆ. ಇಲಿಯ ಎದೆ ನನ್ನ ಅಂಗೈಯೊಳಗೆ ಗುಮಟೆ ಬಾರಿಸಿದ ಹಾಗೆ ಬಡಿಯುತ್ತಿತ್ತು.

೧೯ ಜನವರಿ, ಶುಕ್ರವಾರ

ಹೊನ್ನಣ್ಣನಿಗೆ ಊಟ ಸೇರುತ್ತಿಲ್ಲ. ಅವ್ವಿ ತಾರ್ಲೆ ಮೀನು ಹುರಿದರೆ ವಾಕರಿಸಿ ಹೊರಗೆ ಹೋದ. ತಾರ್ಲೆ ಎಂದರೆ ಪ್ರಾಣ ಬಿಡುತ್ತಿದ್ದವನು.

೨೨ ಜನವರಿ, ಸೋಮವಾರ

ಅಣ್ಣನ ಕಣ್ಣು ಹಳದಿಯಾಗಿದೆ. ಅಂಗಳದ ಬಿಸಿಲಿನಲ್ಲಿ ಮುಖ ತೊಳೆಯುವಾಗ ಅವ್ವಿ ಕಂಡಳು. ಮೂತ್ರವೂ ಕಪ್ಪು ಚಹಾದ ಹಾಗಿದೆ ಎಂದು ಅವನೇ ಒಪ್ಪಿಕೊಂಡ.

ಕಾಮಾಲೆ ಎಂದ ಮೇಲೆ ನಮ್ಮವರಿಗೆ ಬೇರೆ ಯೋಚನೆಯೇ ಇಲ್ಲ, ಸುಂಕಸಾಳದ ಬೀರಜ್ಜನ ಬೇರಿನ ಮದ್ದು. ಆದರೆ ಆ ಮದ್ದಿಗೊಂದು ಕಟ್ಟು ಇದೆ. ಮದ್ದಿಗೆ ಹೋಗುವುದೆಂದು ನಿಶ್ಚಯಿಸಿದಾಗಿನಿಂದ ಪಥ್ಯ ಮುಗಿಯುವವರೆಗೆ ಕಾಮಾಲೆ ಎಂಬ ಮಾತು ಮನೆಯ ಹೊಸಿಲು ದಾಟಬಾರದು. ಹೊರಗೆ ಬಾಯಿ ಬಿಟ್ಟರೆ ಮದ್ದು ನೀರಾಗುತ್ತದೆ. ನಮ್ಮ ಅಜ್ಜಿಯ ಕಾಲದಿಂದಲೂ ಹೀಗೆಯೇ.

ಹಾಗಾದರೆ ರಂಜನಾ ಅಕ್ಕೋರ ಎದುರು ಮಾತ್ರೆ ನುಂಗುವಾಗ ಏನು ಮಾಡುವುದು? ಅದಕ್ಕೆ ಅವ್ವಿಯೇ ದಾರಿ ಹುಡುಕಿದಳು. ಗೋವೆಗೆ ಕೆಲಸಕ್ಕೆ ಹೋಗುವ ಚಿಕ್ಕಪ್ಪನ ಮಗನ ಕಪ್ಪು ಕನ್ನಡಕ ತಂದು ಅಣ್ಣನಿಗೆ ಹಾಕಿಸಿದಳು. ಕಣ್ಣು ಬಂದಿದೆ ಎಂದು ಹೇಳುವುದು. ಕಣ್ಣು ಬಂದವರ ಮುಖ ನೋಡಿದರೆ ನೋಡಿದವರಿಗೂ ಬರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಹಾಗೆಯೇ ಆಯಿತು. ಅಕ್ಕೋರು ಮುಖ ಆಚೆ ತಿರುಗಿಸಿ ಕೈ ಮಾತ್ರ ಮುಂದೆ ಚಾಚಿ ಮಾತ್ರೆ ಕೊಟ್ಟರಂತೆ.

ಕನ್ನಡಕ ಹಾಕಿದ ಅಣ್ಣ ಪೋಸ್ಟರಿನ ಹೀರೋನ ಹಾಗೆ ಕಾಣುತ್ತಿದ್ದ. ನನಗೆ ನಗು ಬಂತು. ಆಮೇಲೆ ನಗು ಬಂದದ್ದಕ್ಕೆ ಹೇಗೋ ಆಯಿತು.

೨೫ ಜನವರಿ, ಗುರುವಾರ

ನಿನ್ನೆ ಕೆಲಸಕ್ಕೆ ರಜೆ ಹಾಕಿ ಅಣ್ಣ, ಅವ್ವಿಯ ಜೊತೆ ಸುಂಕಸಾಳಕ್ಕೆ ಹೋಗಿದ್ದೆ. ಬೀರಜ್ಜ ಸಣ್ಣ ಆಳು, ಬಹಳ ಮಾತಿಲ್ಲ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ಹಾಲಿನಲ್ಲಿ ಅರೆದು ಕುಡಿಯಬೇಕು. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ, ಮೀನಿಲ್ಲ. ಮದ್ದಿಗೆ ಹಣ ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ ಇಟ್ಟು ಬಂದೆವು.

ಯಾವ ಬೇರು, ಎಲ್ಲಿ ಬೆಳೆಯುತ್ತದೆ, ಹಾಲಿನಲ್ಲೇ ಯಾಕೆ, ನೀರಾದರೆ ಏನಾಗುತ್ತದೆ? ನನ್ನೊಳಗೆ ಪ್ರಶ್ನೆಗಳ ಸಂತೆ. ಒಂದೂ ಹೊರಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣ, ಟಿ.ಬಿ. ಮಾತ್ರೆ ನುಂಗಿದ ದಿನವೇ ಹೊಟ್ಟೆ ತೊಳಸುವುದು, ಇನ್ನು ಅದನ್ನು ಬಿಟ್ಟುಬಿಡುತ್ತೇನೆ ಎಂದ. ಬಿಟ್ಟರೆ ರೋಗ ತಿರುಗಿ ಬರುತ್ತದಲ್ಲ ಎಂದು ಅವ್ವಿ ಅತ್ತಳು.

೨೮ ಜನವರಿ, ಭಾನುವಾರ

ನನಗೆ ಒಂದು ಉಪಾಯ ಹೊಳೆದಿದೆ.

ಇಲಿಗಳಿಗೆ ಗುರುವಾರ ಮಾತ್ರೆ ಕೊಟ್ಟರು, ಶುಕ್ರವಾರ ರಜೆಯಿದ್ದರೂ ಅಕ್ಕೋರು ಬರಹೇಳಿದ್ದರಿಂದ ಹೋಗಿ ನೋಡಿದೆ. ಬರಿಯ ಮಾತ್ರೆಯ ಗುಂಪು ಮೈ ಮುದುಡಿ ಮೂಲೆ ಹಿಡಿದಿತ್ತು, ರೋಮವೆಲ್ಲ ನಿಂತಿತ್ತು. ಚಹಾ ಕುಡಿದವು ಪಂಜರದ ಸರಳು ಹತ್ತಿ ನನ್ನ ಬೆರಳು ಮೂಸಿದವು. ಅಕ್ಕೋರ ಮುಖ ಅರಳಿತ್ತು. ನಿನ್ನೆ ಇಲಿಗಳಿಗೆ ನಿದ್ದೆ ಬರಿಸಿ ಕೊಯ್ದರು. ಆ ಹೊತ್ತಿಗೆ ನಾನು ಹೊರಗೆ ಹೋಗಿ ನಿಂತಿದ್ದೆ. ಆಮೇಲೆ ತಟ್ಟೆ ತೊಳೆಯಲು ಕರೆದಾಗ ನೋಡಿದೆ. ಏನೂ ಕೊಡದ ಇಲಿಯ ಲಿವರು ಕೆಂಪು ಕಂದು, ಹೊಳೆಯುತ್ತಿತ್ತು. ಮಾತ್ರೆಯದು ಬಿಳಿಚಿ, ಹಳದಿ ಮಚ್ಚೆ ಬಿದ್ದಿತ್ತು. ಚಹಾ ಕುಡಿದು ಮಾತ್ರೆ ತಿಂದದ್ದು ಹೆಚ್ಚುಕಡಿಮೆ ಕೆಂಪಾಗಿಯೇ ಇತ್ತು. ನನ್ನ ಕಣ್ಣಾರೆ ನೋಡಿದ್ದು.

ಹಾಗಾದರೆ ಅಣ್ಣ ಮಾತ್ರೆಯನ್ನೂ ಬಿಡುವುದು ಬೇಡ, ಲಿವರೂ ಸುಡುವುದು ಬೇಡ! ಪಥ್ಯದಲ್ಲಿ ಚಹಾ ಬೇಡವೆಂದು ಬೀರಜ್ಜ ಹೇಳಿಲ್ಲ. ಹಸಿರು ಎಲೆ ನಮಗೆಲ್ಲಿ ಸಿಗಬೇಕು? ಅಂಗಡಿಯ ಚಹಾ ಪುಡಿಯನ್ನೇ ಪಾತ್ರೆ ತುಂಬ ಕುದಿಸಿ, ಸೋಸಿ, ಮತ್ತೆ ಕುದಿಸಿ, ಗಟ್ಟಿ ಮಾಡಿದೆ. ಅಕ್ಕೋರು ಮಾಡಿದ ಹಾಗೆಯೇ. ಹಾಲಿಲ್ಲ, ಬೆಲ್ಲವಿಲ್ಲ.

ಅಣ್ಣ ಒಂದು ಗುಟುಕು ಕುಡಿದು ನನ್ನನ್ನು ನೋಡಿದ. "ಇದು ಚಾ ಅಲ್ಲ ಮಾರಾಯ್ತಿ, ರಸ್ತೆಗೆ ಹೊಯ್ಯು ಡಾಂಬರು."

ನಾನು ಇಲಿಗಳ ಕತೆ ಹೇಳಿದೆ. ನಾನು ಇಷ್ಟು ದೊಡ್ಡ ಮಾತನ್ನು ಮನೆಯಲ್ಲಿ ಆಡಿದ್ದು ಇದೇ ಮೊದಲಿರಬೇಕು. ಅಣ್ಣ ಕಣ್ಣು ಮುಚ್ಚಿ ಪೂರ್ತಿ ಕುಡಿದ. ಮಾತ್ರೆ ನುಂಗುತ್ತೇನೆ ಎಂದೂ ಒಪ್ಪಿದ.

೩೦ ಜನವರಿ, ಮಂಗಳವಾರ

ಬೆಳಿಗ್ಗೆ ಬೇರಿನ ಮದ್ದು. ಹಗಲೆಲ್ಲ ನನ್ನ ಚಹಾ. ನಿನ್ನೆ ಮಾತ್ರೆಯನ್ನೂ ನುಂಗಿದ್ದಾನೆ. ಗಂಜಿ ಎರಡು ಗುಟುಕಿಗಿಂತ ಹೆಚ್ಚು ಇಳಿಯುವುದಿಲ್ಲ. ಮೈಯೆಲ್ಲ ತುರಿಕೆ ಎನ್ನುತ್ತಾನೆ. ಚಹಾಕ್ಕೆ ಸ್ವಲ್ಪ ಸಮಯ ಬೇಕೇನೋ.

೧ ಫೆಬ್ರವರಿ, ಗುರುವಾರ

ಫೆಬ್ರವರಿಯ ಮಾತ್ರೆ ನೀಲಿ.

ನಾಗಶ್ರೀ ಅಕ್ಕೋರು ಹೊಸ ಗುಂಪು ತೆಗೆದುಕೊಂಡರು. ಇದು ಅವರ ಕೆಲಸದ ಎರಡನೆಯ ಭಾಗವಂತೆ. ಹೋದ ಸಲ ಚಹಾ ಮೊದಲು, ಮಾತ್ರೆ ಆಮೇಲೆ. ಈ ಸಲ ಮಾತ್ರೆ ಮೊದಲು, ಚಹಾ ಆಮೇಲೆ. ಕಾಯುವುದು ಬೇರೆ, ಸುಟ್ಟದ್ದನ್ನು ಗುಣ ಮಾಡುವುದು ಬೇರೆ, ಎರಡೂ ನೋಡಬೇಕು ಎಂದರು.

ಇಲಿಯನ್ನು ಬಟ್ಟೆಯಲ್ಲಿ ಹಿಡಿದಿದ್ದೆ. ಆಗ ಹೊಳೆಯಿತು. ಮಾತ್ರೆ ಮೊದಲು, ಚಹಾ ಆಮೇಲೆ. ಹೊನ್ನಣ್ಣ ಈ ಗುಂಪಿನವನು.

೨ ಫೆಬ್ರವರಿ, ಶುಕ್ರವಾರ

ಆಮೇಲೆ ಚಹಾ ಕೊಟ್ಟ ಗುಂಪಿನಲ್ಲಿ ಬೆನ್ನಿಗೆ ಹಳದಿ ಗುರುತು ಇದ್ದದ್ದು ಸತ್ತಿತ್ತು.

೫ ಫೆಬ್ರವರಿ, ಸೋಮವಾರ

ಇವತ್ತು ಬಹಳ ಬರೆಯಬೇಕು.

ಶನಿವಾರ ಇನ್ನೊಂದು ಸತ್ತಿತ್ತು. ಉಳಿದವನ್ನು ಅದೇ ದಿನ ಕೊಯ್ದಿದ್ದರು. ಲಿವರುಗಳನ್ನು ಗಾಜಿನ ಭರಣಿಯಲ್ಲಿ ಹಾಕಿಟ್ಟಿದ್ದರು. ಇವತ್ತು ಬೆಳಿಗ್ಗೆ ಅಕ್ಕೋರು ಎರಡೂ ಸಲದ ಭರಣಿಗಳನ್ನು ಸಾಲಾಗಿ ಇಟ್ಟುಕೊಂಡು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ನಾನು ನೆಲ ಒರೆಸುತ್ತಾ ಹತ್ತಿರ ಹೋಗಿ ನೋಡಿದೆ. ಆಮೇಲೆ ಚಹಾ ಕೊಟ್ಟವುಗಳದು ಬರಿಯ ಮಾತ್ರೆ ತಿಂದವುಗಳಿಗಿಂತಲೂ ಕೆಟ್ಟದಾಗಿತ್ತು.

"ಅಕ್ಕೋರೆ, ಆಮೇಲೆ ಕೊಟ್ಟ ಚಾ ಯಂತಕೆ ಕಾಯ್ಲಿಲ್ಲ?"

ಮಧುಕರಣ್ಣನ ಕೈಯ ಬಾಟಲಿ ಅಲ್ಲೇ ನಿಂತಿತು. ಕೇಳಿದ್ದು ಯಾರೆಂದು ಅವರು ಬಾಗಿಲ ಕಡೆಗೆ ನೋಡಿದರು.

"ಗೊತ್ತಿಲ್ಲ ಸೋಮಿ" ಎಂದರು ಅಕ್ಕೋರು. "ನಾನೂ ಅದನ್ನೇ ನೋಡ್ತಾ ಕೂತಿದ್ದೆ. ಒಂದು ಸಲದ್ದು ನೋಡಿ ಹೇಳೂಕೆ ಬರೂದಿಲ್ಲ. ತಿರುಗಿ ಮಾಡ್ಬೇಕು."

"ಮನುಷ್ಯರಿಗೂ ಹಿಂಗೇ ಆಗ್ತದ್ಯಾ?"

"ಇಲಿಗೆ ಆದದ್ದು ಮನುಷ್ಯರಿಗೆ ಆಗೇ ಆಗ್ತದೆ ಅಂತಿಲ್ಲ. ಆಗೂದೇ ಇಲ್ಲ ಅಂತ್ಲೂ ಇಲ್ಲ. ಯಾಕೆ ಕೇಳ್ತೀ?"

ಹೇಳಿದರೆ ಬೇರಿನ ಮದ್ದು ನೀರಾಗುತ್ತದೆ. ಹೇಳದಿದ್ದರೆ? ಭರಣಿಯ ಕಡೆಗೆ ನೋಡಿದೆ. ಹೇಳಿದೆ. ಟಿ.ಬಿ. ಮಾತ್ರೆ, ಹಳದಿ ಕಣ್ಣು, ಬೀರಜ್ಜನ ಬೇರು, ಕಪ್ಪು ಕನ್ನಡಕ, ನನ್ನ ಡಾಂಬರು ಚಹಾ, ಎಲ್ಲ ಒಟ್ಟಿಗೆ ಬಿದ್ದವು.

ಅಕ್ಕೋರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಅದು ಹೆದರಿಕೆಯನ್ನು ಹೆಚ್ಚು ಮಾಡಿತು. ಟಿ.ಬಿ. ಮಾತ್ರೆಗಳೇ ಕೆಲವರ ಲಿವರು ಸುಡುತ್ತವೆ, ಕಣ್ಣು ಹಳದಿಯಾದ ಮೇಲೆ ಒಂದು ದಿನವೂ ಮುಂದುವರಿಸಬಾರದು, ಡಾಕ್ಟರು ಅದನ್ನು ನಿಲ್ಲಿಸಿ ನೋಡಬೇಕು ಎಂದರು. ತಾನು ಡಾಕ್ಟರಲ್ಲ, ತನ್ನ ಮಾತು ಕೇಳಿ ಕೂರಬೇಡ, ಈಗಲೇ ಹೋಗು ಎಂದರು. ಮಧುಕರಣ್ಣ ಸೈಕಲ್ಲಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟರು. ದಾರಿಯುದ್ದಕ್ಕೂ ಒಂದು ತಮಾಷೆಯನ್ನೂ ಆಡಲಿಲ್ಲ.

ಇವತ್ತು ಸೋಮವಾರ. ಅಣ್ಣ ಬೆಳಿಗ್ಗೆಯೇ ಮಾತ್ರೆ ನುಂಗಿಯಾಗಿತ್ತು.

ನಾನು ಮನೆಗೆ ಹೋಗದೆ ನೇರ ಅಂಗನವಾಡಿಗೆ ಹೋದೆ. ರಂಜನಾ ಅಕ್ಕೋರು ಮಕ್ಕಳಿಗೆ ಉಂಡೆ ಹಂಚುತ್ತಿದ್ದರು. ನಾನು ಹೇಳಿದ್ದು ಕೇಳಿ ತಟ್ಟೆಯನ್ನು ಸಹಾಯಕಿಯ ಕೈಗೆ ಕೊಟ್ಟು ಹಾಗೆಯೇ ನನ್ನ ಜೊತೆ ಓಡಿಬಂದರು. ಅಂಗಳದಲ್ಲಿ ಕೂತಿದ್ದ ಅಣ್ಣನ ಕನ್ನಡಕವನ್ನು ತಾವೇ ತೆಗೆದರು.

"ನಾನೇ ನನ್ನ ಕೈಯಾರೆ ಕೊಟ್ನಲ್ಲೋ ಹೊನ್ನ" ಎಂದರು.

ಅವ್ವಿ ನನ್ನ ಕಡೆಗೆ ತಿರುಗಿದಳು. "ಬಾಯಿ ಇಲ್ದ ಹೆಣ್ಣು ಅಂದ್ಕಂಡಿದ್ದೆ. ಬಾಯಿ ಬಂದದ್ದು ಅಣ್ಣನ್ನ ತಿನ್ನೂಕಾ?"

೬ ಫೆಬ್ರವರಿ, ಮಂಗಳವಾರ

ಅಂಕೋಲೆಯಿಂದ ಕಾರವಾರದ ದೊಡ್ಡ ದವಾಖಾನೆಗೆ ಕಳಿಸಿದರು. ಟಿ.ಬಿ. ಮಾತ್ರೆ ಎಲ್ಲ ನಿಲ್ಲಿಸಿದ್ದಾರೆ. ಬೇರು ಬೇಡ, ಚಹಾ ಬೇಡ. ಸಲಾಯಿನ್ ಹಾಕಿದ್ದಾರೆ.

ಅವ್ವಿ ನನ್ನೊಡನೆ ಮಾತಾಡುವುದಿಲ್ಲ.

೧೦ ಫೆಬ್ರವರಿ, ಶನಿವಾರ

ಕಾಲೇಜು ಬಿಟ್ಟು ಸಂಜೆ ದವಾಖಾನೆಗೆ ಹೋದೆ. ಅಣ್ಣ ಕೂಗಿದರೂ ಬೇಗ ಎಚ್ಚರವಾಗುವುದಿಲ್ಲ. ಪಾದ ಬಾತಿದೆ. ನಾನು ಡಾಕ್ಟರನ್ನು ಬಾಗಿಲಲ್ಲಿ ಅಡ್ಡಗಟ್ಟಿ, ಸುಟ್ಟದ್ದು ಮಾತ್ರೆಯೋ, ಬೇರೋ, ನನ್ನ ಚಹಾವೋ ಎಂದು ಕೇಳಿದೆ. ಅವರು ನಿಂತರು. ಮಾತ್ರೆಯೇ ಮುಖ್ಯ ಇರಬೇಕು, ಉಳಿದವು ಎಷ್ಟು ಎಂದು ಹೇಳಲು ಬರುವುದಿಲ್ಲ, ಊಟವಿಲ್ಲದ ಹೊಟ್ಟೆಗೆ ಅಂಥ ಚಹಾ ಒಳ್ಳೆಯದಂತೂ ಅಲ್ಲ ಎಂದರು. ತಡಮಾಡದೆ ತಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ತಡ ಮಾಡಿದ್ದೆವು. ಅದನ್ನೂ ಹೇಳಿದೆ.

೧೨ ಫೆಬ್ರವರಿ, ಸೋಮವಾರ

ಹಾಗೆಯೇ ಇದ್ದಾನೆ.

೧೫ ಫೆಬ್ರವರಿ, ಗುರುವಾರ

ಹಸಿವು ಎಂದ. ಅವ್ವಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತು ಬಂದಳು. ಆಮೇಲೆ ನನ್ನ ಕಡೆಗೆ ನೋಡದೆ, "ಗಂಜಿ ಬಿಸಿ ಅದ್ಯೇ?" ಎಂದು ಕೇಳಿದಳು. ಅಣ್ಣನನ್ನು ಬಿಟ್ಟರೆ ಇದ್ದದ್ದು ನಾವಿಬ್ಬರೇ, ಆದ್ದರಿಂದ ನನಗೇ ಕೇಳಿದ್ದು.

೧೮ ಫೆಬ್ರವರಿ, ಭಾನುವಾರ

ಸುಂಕಸಾಳಕ್ಕೆ ಒಬ್ಬಳೇ ಹೋಗಿದ್ದೆ. ಕಂಡಕ್ಟರು ಮಾತಿನಲ್ಲಿ ಮುಳುಗಿ ನಿಲ್ದಾಣ ದಾಟಿಸುವವನಿದ್ದ, ಕೂಗಿ ನಿಲ್ಲಿಸಿ ಇಳಿದೆ. ಬೀರಜ್ಜ ಅಂಗಳದಲ್ಲಿ ಶೇಂಗಾ ಒಣ ಹಾಕುತ್ತಿದ್ದ. ಆದದ್ದನ್ನೆಲ್ಲ ಹೇಳಿದೆ. ಮದ್ದಿನ ಕಟ್ಟು ಮುರಿದದ್ದು ನಾನೇ ಎಂದೂ ಹೇಳಿದೆ.

ಅಜ್ಜ ಸಿಟ್ಟಾಗಲಿಲ್ಲ. ಶೇಂಗಾದಲ್ಲಿ ಕೈಯಾಡಿಸುತ್ತಾ ಕೂತ.

"ಅಜ್ಜ, ದವಾಖಾನೆ ಮಾತ್ರೆಯಿಂದ ಬಂದ ಕಾಮಾಲೆಗೆ ನಿನ್ನ ಬೇರು ಆಗ್ತದ್ಯಾ?"

"ಗುತ್ತಿಲ್ಲ ತಂಗಿ. ನನ್ನ ಅಪ್ಪನ ಕಾಲಕ್ಕೆ ಅಂಥಾ ಮಾತ್ರೆ ಎಲ್ಲಿತ್ತು? ಬಂದವ್ರ ಹತ್ರ ನಾ ಕೇಳೂದಿಲ್ಲ. ಅವ್ರೂ ಹೇಳೂದಿಲ್ಲ." ಶೇಂಗಾ ಹರವುತ್ತಾ ಮತ್ತೆ ಹೇಳಿದ, "ಇನ್ನು ನಾನೇ ಕೇಳ್ತೆ."

ಬೇರಿನ ಹೆಸರು ಕೇಳಿದೆ. ಅದನ್ನು ಮಾತ್ರ ಹೇಳಲಿಲ್ಲ, ನಕ್ಕ. ಆದರೆ ನೀರಿನಲ್ಲಿ ಅರೆದರೆ ಕಹಿ ನಾಲಿಗೆ ಬಿಡುವುದಿಲ್ಲ, ಹಾಲು ಅದಕ್ಕಾಗಿ ಅಷ್ಟೇ ಎಂದ. ಇಷ್ಟು ಸಣ್ಣ ಕಾರಣವೇ! ನಾನು ಏನೇನೋ ಅಂದುಕೊಂಡಿದ್ದೆ. ಒಂದು ಬೊಗಸೆ ಶೇಂಗಾ ಸೆರಗಿಗೆ ಹಾಕಿ ಕಳಿಸಿದ.

೨೬ ಫೆಬ್ರವರಿ, ಸೋಮವಾರ

ಅಣ್ಣನನ್ನು ಮನೆಗೆ ಕರೆತಂದೆವು. ಕಣ್ಣಿನ ಹಳದಿ ಮೂಲೆಯಲ್ಲಿ ಮಾತ್ರ ಉಳಿದಿದೆ. ಇನ್ನೊಮ್ಮೆ ರಕ್ತ ನೋಡಿ, ಸರಿ ಇದ್ದರೆ ಟಿ.ಬಿ. ಮಾತ್ರೆಗಳನ್ನು ತಿರುಗಿ ಶುರು ಮಾಡಬೇಕಂತೆ. ಒಟ್ಟಿಗೆ ಅಲ್ಲ, ಒಂದೊಂದಾಗಿ.

ಅದನ್ನು ಕೇಳಿದ್ದೇ ಅಣ್ಣ ಗೋಡೆಯ ಕಡೆಗೆ ಹೊರಳಿ ಮಲಗಿದ. ಇನ್ನು ಸತ್ತರೂ ಒಂದು ಮಾತ್ರೆ ಮುಟ್ಟುವುದಿಲ್ಲ ಎಂದ. ಕೆಮ್ಮಿ ಸಾಯುವುದಾದರೆ ತನ್ನ ಕೆಮ್ಮಿನಿಂದ ಸಾಯುತ್ತೇನೆ, ಕೊಟ್ಟದ್ದನ್ನು ನುಂಗಿ ಅಲ್ಲ ಎಂದ.

೩ ಮಾರ್ಚ್, ಶನಿವಾರ

ರಕ್ತ ಸರಿ ಬಂದಿದೆ. ರಂಜನಾ ಅಕ್ಕೋರು ಎರಡು ಸಲ ಬಂದು ಹೋದರು. ಮೊದಲ ಸಲ ಅಣ್ಣ ಕೊಟ್ಟಿಗೆಯ ಹಿಂದೆ ಕೂತ. ಎರಡನೆಯ ಸಲ ಎದುರಿಗೇ ಕೂತ, ಮಾತ್ರೆಗೆ ಕೈ ಚಾಚಲಿಲ್ಲ.

ಕೊಪ್ಪದ ಗಂಡಸರೆಲ್ಲ ಸುಗ್ಗಿ ಕುಣಿಯಲು ಹೋಗಿದ್ದಾರೆ. ದೂರದಿಂದ ಗುಮಟೆ ಕೇಳುತ್ತಿದೆ. ಅಣ್ಣ ಬೆರಳಿನಲ್ಲಿ ಚಾಪೆಯ ಮೇಲೆ ತಾಳ ಹಾಕುತ್ತಿದ್ದ. ನಡುವೆ ಕೆಮ್ಮು ಬಂತು. ತಿರುಗಿ ಬಂದಿದೆ, ಅದೇ ಕೆಮ್ಮು.

೫ ಮಾರ್ಚ್, ಸೋಮವಾರ

ಕಾಲೇಜಿನಲ್ಲಿ ನಾಗಶ್ರೀ ಅಕ್ಕೋರು ಎರಡನೆಯ ಭಾಗವನ್ನು ತಿರುಗಿ ಮಾಡುತ್ತಿದ್ದಾರೆ. ಚಹಾವನ್ನು ಕಡಿಮೆ ಮಾಡಿ ಒಂದು ಗುಂಪು, ತಡಮಾಡಿ ಕೊಟ್ಟು ಒಂದು ಗುಂಪು. ನಾನು ಇವತ್ತು ಎಷ್ಟು ಕೇಳಿದೆನೆಂದರೆ, "ಕಿತೆಂ ಗೋ ಸೋಮಿ, ನೀನೇ ಪರೀಕ್ಷೆಗೆ ಕೂತ್ಕಳ್ಳೂದೋ ಹೆಂಗೆ?" ಎಂದರು ಮಧುಕರಣ್ಣ. ಅವರದು ಯಾವಾಗಲೂ ತಮಾಷೆ. ನಾನೇನು ಅಷ್ಟು ಮಾತಾಡುವವಳಲ್ಲ.

೭ ಮಾರ್ಚ್, ಬುಧವಾರ

ಸಂಜೆ ಅಣ್ಣನ ಹತ್ತಿರ ಕೂತೆ. ಅವ್ವಿ ಒಲೆಯ ಹತ್ತಿರ ಇದ್ದಳು. ಮಾತ್ರೆ ನುಂಗು ಎಂದು ಹೇಳಲು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವನೇ ಅಂದ, "ಬೇಡ. ನಾ ನಿಮ್ಮ ಕಾಲೇಜಿನ ಇಲಿ ಅಲ್ಲ. ಒಂದು ಸಲ ನೀ ಚಾ ಕುಡ್ಸಿ ನೋಡ್ದೆ ಅಲ್ಲಾ, ಸಾಕು."

ಅದು ನೆಟ್ಟಗೆ ನನ್ನ ಎದೆಗೆ ಬಂತು. ಸುಳ್ಳಲ್ಲವಲ್ಲ.

"ಹೌದು, ನೋಡ್ದೆ" ಎಂದೆ. "ನಂಗೇ ಗುತ್ತಿಲ್ದೆ ಗುತ್ತದೆ ಅಂದೆ. ಇಲಿಗೆ ಯಾರೂ ಕೇಳಿ ಕೊಡೂದಿಲ್ಲ. ನಿಂಗೂ ಯಾರೂ ಕೇಳ್ಳಿಲ್ಲ. ಈಗ ನಾ ಕೇಳ್ತೆ."

ಗೊತ್ತಿರುವುದನ್ನೆಲ್ಲ ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ. ಡಾಕ್ಟರು ನನಗೆ ಬಿಡಿಸಿ ಹೇಳಿದ ಹಾಗೆಯೇ. ಕೆಮ್ಮು ತಾನಾಗಿ ಹೋಗುವುದಿಲ್ಲ, ಇದು ಗೊತ್ತಿದೆ. ಅವನು ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು ಲಿವರಿನ ತಂಟೆಗೆ ಹೋಗುವುದಿಲ್ಲ, ಇದೂ ಗೊತ್ತಿದೆ. ಉಳಿದ ಮೂರರಲ್ಲಿ ಅವನ ಲಿವರು ಸುಟ್ಟದ್ದು ಯಾವುದು, ಇದು ಗೊತ್ತಿಲ್ಲ. ಅದನ್ನು ಕಂಡುಹಿಡಿಯಲೆಂದೇ ಒಂದೊಂದನ್ನಾಗಿ ಕೊಟ್ಟು, ನಡುವೆ ನಡುವೆ ರಕ್ತ ನೋಡುವುದು. ಕೆಟ್ಟದ್ದು ಸಿಕ್ಕಿದ ದಿನ ಅದನ್ನು ಬಿಟ್ಟು ಬೇರೆ ಕೊಡುವುದು.

ಅಣ್ಣ ಮೊಣಕೈಯೂರಿ ಎದ್ದು ಕೂತ.

"ಮೂರ್ರಲ್ಲಿ ಕಳ್ಳ ಒಬ್ನೇಯಾ? ಇಬ್ರೂ ಇರೂಕೆ ಸಾಕು."

"ಇರೂಕೆ ಸಾಕು."

"ಡಾಕ್ಟ್ರಿಗೂ ಗುತ್ತಿಲ್ವಾ?"

"ಗುತ್ತಿಲ್ಲ. ನಿನ್ನ ರಕ್ತವೇ ಹೇಳ್ಬೇಕಂತೆ."

"ಹಂಗಾರೆ ನಂಗೇ ಮೊದ್ಲು ಗುತ್ತಾಗೂದು" ಎಂದ. ಅವನ ಮುಖದಲ್ಲಿ ಏನೋ ಬಂತು. ಹೊಳೆಯಲ್ಲಿ ದೋಣಿಯ ಕೆಳಗೆ ಏನೋ ಸರಿದದ್ದು ಕಂಡಾಗ ಬಗ್ಗಿ ನೋಡುತ್ತಾನಲ್ಲ, ಹಾಗೆ. ಮೊದಲು ಯಾವ ಮಾತ್ರೆ, ಯಾವ ಬಣ್ಣದ್ದು, ಎಷ್ಟು ದೊಡ್ಡದು, ರಕ್ತ ಯಾವ ದಿನ ತೆಗೆಯುತ್ತಾರೆ ಎಂದು ಒಂದರ ಮೇಲೊಂದು ಕೇಳಿದ. ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ.

ಒಲೆಯ ಹತ್ತಿರದಿಂದ ಅವ್ವಿ, "ಎರಡೂ ಒಂದೇ ತಳಿ" ಎಂದಳು. ಯಾವುದಕ್ಕೆ ಅಂದಳೋ ತಿಳಿಯಲಿಲ್ಲ.

೯ ಮಾರ್ಚ್, ಶುಕ್ರವಾರ

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಸೊಟ್ಟ.

ಬೆಳಿಗ್ಗೆ ರಂಜನಾ ಅಕ್ಕೋರು ಒಂದೇ ಒಂದು ಮಾತ್ರೆ ತಂದರು. ಅಣ್ಣ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ, ಮೂಸಿ ನೋಡಿದ. ನಾನು ಹಿತ್ತಾಳೆ ಚೊಂಬಿನಿಂದ ಲೋಟಕ್ಕೆ ನೀರು ಹೊಯ್ದು ಕೊಟ್ಟೆ. ನುಂಗಿದ. ಅಕ್ಕೋರು ಹೇಳುವ ಮೊದಲೇ ಬಾಯಿ ಅಗಲ ತೆರೆದು ತೋರಿಸಿದ. ಲೋಟದಲ್ಲಿ ಉಳಿದ ನೀರನ್ನು ಅಂಗಳದ ಅಬ್ಬಲಿಗೆ ಬುಡಕ್ಕೆ ಚೆಲ್ಲಿ ನಾನು ಬಸ್ಸಿಗೆ ಓಡಿದೆ.